ಕೊಡಗಿನ ಮಳೆಗಾಲ ಮತ್ತು ಇಂಡಕ್ಷನ್ ಕುಲುಮೆ

ಒಂದೆರಡು ಕಿಲೋ ಚಿನ್ನ, ಬೆಳ್ಳಿ ಕರಗಿಸುವ ಚಿಕ್ಕ ಇಂಡಕ್ಷನ್ ಕುಲುಮೆ ಕೊಳ್ಳುವಾಗ ಎಲ್ಲರೂ ಕೇಳುವುದು ಎಷ್ಟು ನಿಮಿಷಕ್ಕೆ ಕರಗುತ್ತದೆ ಅಂತ. ಮಡಿಕೇರಿ, ವಿರಾಜಪೇಟೆಯಂಥ ಊರಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದದ್ದು ತಂಪು ನೀರಿನ ವ್ಯವಸ್ಥೆ ಹೇಗಿದೆ ಎಂದು.

ಇದರಲ್ಲಿ ಬೆಂಕಿ ಇಲ್ಲ. ಟೊಳ್ಳು ತಾಮ್ರದ ಕೊಳವೆಯ ಸುರುಳಿ, ಅದರೊಳಗೆ ಗ್ರಾಫೈಟ್ ಮೂಸೆ, ಅಂದರೆ ಲೋಹ ಕರಗಿಸುವ ಪಾತ್ರೆ. ಸುರುಳಿಯಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಕರೆಂಟ್ ಹರಿದಾಗ ಮೂಸೆಯ ಗೋಡೆಯಲ್ಲೇ ಸುತ್ತುವ ಸುಳಿ ಕರೆಂಟ್ ಹುಟ್ಟಿ, ಮೂಸೆ ಕಾದು ಒಳಗಿನ ಲೋಹವನ್ನು ಕರಗಿಸುತ್ತದೆ. ಶುದ್ಧ ಚಿನ್ನ ಕರಗುವುದು 1064 ಡಿಗ್ರಿಯಲ್ಲಿ, ಬೆಳ್ಳಿ 962ರಲ್ಲಿ. ಹಾಗೆಂದು ಬೆಳ್ಳಿ ಸುಲಭ ಅಂದುಕೊಳ್ಳಬೇಡಿ: ಕಿಲೋ ಲೆಕ್ಕದಲ್ಲಿ ಚಿನ್ನಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಶಾಖ ಅದಕ್ಕೇ ಬೇಕು.

ಸುರುಳಿಯೂ ಕಾಯುವುದರಿಂದ ಅದರ ಕೊಳವೆಯೊಳಗೆ ತಂಪು ಮಾಡುವ ನೀರು ಸದಾ ಓಡುತ್ತಿರಬೇಕು. ಜುಲೈ ತಿಂಗಳ ತೇವದ ಗಾಳಿಯಲ್ಲಿ ಬಾವಿಯ ತಣ್ಣೀರನ್ನು ನೇರವಾಗಿ ಬಿಟ್ಟರೆ ಸುರುಳಿ, ಒಳಗಿನ ತಾಮ್ರದ ಪಟ್ಟಿಗಳು ಬೆವರುತ್ತವೆ. ಆ ಹನಿ ಸುರುಳಿಯ ಕರೆಂಟನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡಿಗೆ (ಐಜಿಬಿಟಿ ಬೋರ್ಡ್) ಇಳಿದರೆ ದುರಸ್ತಿಯ ಬಿಲ್ಲೇ ಬರುವುದು. ನೀರು ತಣ್ಣಗಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಇಲ್ಲಿ ನಡೆಯುವುದಿಲ್ಲ. ದೊಡ್ಡ ಡ್ರಮ್‌ನಿಂದ ಪಂಪ್ ಮಾಡಿ ಅದೇ ನೀರನ್ನು ಸುತ್ತಿಸಿ. ನೀರು ಕೋಣೆಯ ಗಾಳಿಗಿಂತ ಎರಡು ಮೂರು ಡಿಗ್ರಿ ಬೆಚ್ಚಗೇ ಇರಲಿ. ಕೆಲಸ ಮುಗಿದು ಮೂಸೆ, ಸುರುಳಿ ಎರಡೂ ತಣಿದ ಮೇಲೆ ನೀರು ನಿಲ್ಲಿಸಿ. ಡ್ರಮ್ಮಿಗೆ ಕೆಸರು ನೀರು, ಕಬ್ಬಿಣದಂಶದ ಬೋರ್‌ವೆಲ್ ನೀರು ಹಾಕಿದರೆ ಕೊಳವೆ ಕಟ್ಟಿಕೊಳ್ಳುತ್ತದೆ.

ಇನ್ನೊಂದು ತೊಂದರೆ, ಮರ ಬಿದ್ದು ಲೈನ್ ಹೋಗುವುದು. ಕುಲುಮೆ ನಿಂತರೂ ಮೂಸೆ ಸಾವಿರ ಡಿಗ್ರಿಯಲ್ಲೇ ಇರುತ್ತದೆ. ಪಂಪೂ ನಿಂತರೆ ಸುರುಳಿಯ ನೀರು ಕುದಿದು ಆವಿಯಾಗುತ್ತದೆ, ಪೈಪು ಹಾರುತ್ತದೆ. ಪಂಪನ್ನು ಯುಪಿಎಸ್‌ಗೆ ಹಾಕಿ, ಇಲ್ಲವೇ ಮೇಲಿನ ತೊಟ್ಟಿಯಿಂದ ತಾನಾಗಿ ಇಳಿಯುವ ನೀರಿಗೆ ಒಂದು ವಾಲ್ವ್ ಇಡಿ.

ಕರಗಿಸುವ ಮೊದಲು ಒಡವೆ ನೋಡಿ. ಕೊಡವರ ಗುಂಡಿನ ಸರವಾದ ಹಳೆಯ ಜೋಮಾಲೆಯ ಟೊಳ್ಳು ಗುಂಡುಗಳೊಳಗೆ ಅರಗು ಇರುತ್ತದೆ. ಅದನ್ನು ಬೇರೆಯಾಗಿ ಕಾಯಿಸಿ ತೆಗೆದು ಮತ್ತೆ ತೂಗಿ. ಹಾಗೇ ಮೂಸೆಗೆ ಹಾಕಿದರೆ ಹೊಗೆ, ಮಸಿ, ಆಮೇಲೆ ತೂಕ ಕಡಿಮೆಯಾಯಿತೆಂದು ಗಿರಾಕಿಯ ಜೊತೆ ಜಗಳ. ಕೊಕ್ಕೆತಾತಿ ಎಂಬ ಪದಕದ ಸರದ ಕಲ್ಲು ಬಿಡಿಸಿ, ಕಬ್ಬಿಣದ ಚೂರನ್ನು ಅಯಸ್ಕಾಂತದಿಂದ ತೆಗೆಯಿರಿ. ಸೀಸ ಸ್ವಲ್ಪ ಸೇರಿದರೂ ಚಿನ್ನ ಸುತ್ತಿಗೆ ಏಟಿಗೆ ಬಿರಿಯುತ್ತದೆ. ನೂರು ಗ್ರಾಂ ಅಪರಂಜಿಯನ್ನು 22 ಕ್ಯಾರೆಟ್ ಮಾಡಲು ಬೆರಕೆ 9.09 ಗ್ರಾಂ. ಕರಗಿದ ಲೋಹದ ಕಸ ಬೇರ್ಪಡಿಸಲು ಬಿಳಿಗಾರ (ಬೋರಾಕ್ಸ್) ಚಿಟಿಕೆ ಸಾಕು.

ಅಯಸ್ಕಾಂತ ಕ್ಷೇತ್ರವೇ ಲೋಹವನ್ನು ಕಲಕುತ್ತದೆ ಎಂದು ಮಾರುವವರು ಹೇಳುತ್ತಾರೆ. ದಪ್ಪ ಗ್ರಾಫೈಟ್ ಮೂಸೆಯಲ್ಲಿ ಅದರ ಬಹುಪಾಲನ್ನು ಮೂಸೆಯೇ ತಡೆಯುತ್ತದೆ. ಹಾಗಾಗಿ ಪವರ್ ಆಫ್ ಮಾಡಿ ಗ್ರಾಫೈಟ್ ಕಡ್ಡಿಯಿಂದ ಕಲಕಿ. ಕಬ್ಬಿಣದ ಕಡ್ಡಿ ಬೇಡ.

ಬೆಳ್ಳಿ ಕರಗಿದಾಗ ಗಾಳಿಯ ಆಮ್ಲಜನಕ ಹೀರಿ, ಗಟ್ಟಿಯಾಗುವಾಗ ಅದನ್ನು ಉಗುಳುತ್ತದೆ, ಮೈಯೆಲ್ಲ ಗುಳ್ಳೆ. ಮೇಲೆ ಒಣ ಇದ್ದಿಲ ಚೂರು ಹರಡಿ, ಮೂಸೆಗೆ ಮುಚ್ಚಳ ಇಡಿ.

ಸುರಿಯುವ ಅಚ್ಚು 150 ಡಿಗ್ರಿಯಷ್ಟು ಬಿಸಿಯಿರಲಿ, ಎಣ್ಣೆ ಸವರಿದ್ದು ತೆಳುವಾಗಿರಲಿ. ತೇವದ ಅಚ್ಚಿಗೆ ಸುರಿದರೆ ಕರಗಿದ ಲೋಹ ಮುಖಕ್ಕೇ ಸಿಡಿಯುತ್ತದೆ. ಮೂಸೆಗೂ ಇದೇ ಮಾತು: ಮೂಲೆಯಲ್ಲಿಟ್ಟ ಮೂಸೆ ವಾರದಲ್ಲೇ ತೇವ ಕುಡಿಯುತ್ತದೆ. ಖಾಲಿಯಾಗಿಯೇ, ಕಡಿಮೆ ಪವರಿನಲ್ಲಿ, 200 ಡಿಗ್ರಿಯವರೆಗೆ ನಿಧಾನ ಕಾಯಿಸಿ ಒಣಗಿಸಿದ ಮೇಲೆಯೇ ಲೋಹ ಹಾಕಿ.