ಅರ್ಥವಾಗದ ಚಿತ್ರವನ್ನು ಮನೆಗೆ ಆರಿಸೋದು ಹೇಗೆ?

ಚಿತ್ರಗಳಿಗೆ ಕಟ್ಟು ಹಾಕಿಕೊಡುವುದು ನನ್ನ ಕಸುಬು. ಮೈಸೂರಿನ ವಿಜಯನಗರ, ಬೋಗಾದಿ ಕಡೆ ಹೊಸದಾಗಿ ಮನೆ ಮಾಡಿದವರು ಅಂಗಡಿಗೆ ಬಂದರೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಹಾಲ್‌ಗೆ ಒಂದು ಅಬ್‌ಸ್ಟ್ರಾಕ್ಟ್ ಹಾಕೋಣ ಅಂತಿದೀವಿ ಸಾರ್. ಆದ್ರೆ ಅದ್ರಲ್ಲಿ ಏನಿದೆ ಅಂತಾನೇ ಗೊತ್ತಾಗಲ್ಲ. ಹೇಗೆ ಆರಿಸೋದು?" ಗಿರಾಕಿಗಳ ನಡುವೆ ಅರ್ಧಂಬರ್ಧ ಹೇಳುತ್ತಿದ್ದ ಉತ್ತರವನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ.

ಏನಿದೆ ಅನ್ನುವುದನ್ನು ಬಿಡಿ. ಅದರ ಮುಂದೆ ಎಷ್ಟು ಹೊತ್ತು ನಿಲ್ಲಬಲ್ಲಿರಿ, ಅಷ್ಟನ್ನು ಗಮನಿಸಿ.

ಜಗನ್ಮೋಹನ ಅರಮನೆಯ ದೀಪದ ಹೆಂಗಸಿನ ಚಿತ್ರವನ್ನು ನೋಡದ ಮೈಸೂರಿನವರು ಕಡಿಮೆ. ರವಿವರ್ಮನದು ಎಂದು ಇವತ್ತಿಗೂ ಎಷ್ಟೋ ಜನ ವಾದಿಸುತ್ತಾರೆ, ಬರೆದವರು ಎಸ್.ಎಲ್. ಹಲ್ದಂಕರ್, 1945-46ರ ಸುಮಾರಿಗೆ, ಅದೂ ಜಲವರ್ಣದಲ್ಲಿ. ಒಬ್ಬ ಹೆಂಗಸು ದೀಪ ಹಿಡಿದಿದ್ದಾಳೆ ಎಂದು ತಿಳಿಯಲು ಅರೆಗಳಿಗೆ ಸಾಕು. ಆದರೂ ಜನ ಅಲ್ಲೇ ನಿಂತುಬಿಡುತ್ತಾರೆ. ನಿಲ್ಲಿಸುವುದು ಬೆರಳ ಸಂದಿಯ ಆ ಕೆಂಪು. ಕಾಗದದ ಮೇಲೆ ಬೆಳಕೇನೂ ಇಲ್ಲ, ಸುತ್ತ ಮಬ್ಬು ಬಣ್ಣ ಇಟ್ಟದ್ದರಿಂದ ನಡುವಿನದು ಉರಿಯುವಂತೆ ಕಾಣುತ್ತದೆ. ಅಂದರೆ ಬಣ್ಣದ ಪಕ್ಕ ಬಣ್ಣ ಕೂತಾಗ ಏನಾಗುತ್ತದೆ ಎಂದು ನೋಡುವುದು ನಿಮ್ಮ ಕಣ್ಣಿಗೆ ಆಗಲೇ ಬರುತ್ತದೆ. ಅಮೂರ್ತ, ಅಂದರೆ ಅಬ್‌ಸ್ಟ್ರಾಕ್ಟ್, ಚಿತ್ರ ಬರೆಯುವವರು ಹೆಂಗಸನ್ನೂ ದೀಪವನ್ನೂ ಬಿಟ್ಟು ಆ ಒಂದು ಕೆಲಸವನ್ನು ಮಾತ್ರ ಇಟ್ಟುಕೊಂಡಿದ್ದಾರೆ, ಅಷ್ಟೆ.

ಒಂಟಿಕೊಪ್ಪಲಿನ ಎಂಟನೇ ಕ್ರಾಸ್ ಗಣಪತಿ ಕಛೇರಿಯಲ್ಲಿ ಕೂತು ಕಲ್ಯಾಣಿ ಆಲಾಪನೆಗೆ ತಲೆದೂಗುವವರು ಅದರ ತಾತ್ಪರ್ಯವೇನು ಎಂದು ಪಕ್ಕದವರನ್ನು ಕೇಳುವುದಿಲ್ಲ. ಕ್ಯಾಂಡಿನ್‌ಸ್ಕಿ ಎಂಬ ರಷ್ಯದ ಅಮೂರ್ತ ಚಿತ್ರಕಾರ ತನ್ನ ಚಿತ್ರಗಳಿಗೆ ‘ಕಾಂಪೊಸಿಷನ್’, ‘ಇಂಪ್ರೊವೈಸೇಷನ್’ ಎಂದು ಸಂಗೀತದ ಹೆಸರುಗಳನ್ನೇ ಇಟ್ಟದ್ದು ಸುಮ್ಮನೆ ಅಲ್ಲ.

ಹಾಗೆಂದು ಅಮೂರ್ತವೆಲ್ಲ ಒಳ್ಳೆಯದಲ್ಲ. ಬೂದು, ಟೀಲ್ (ಹಸಿರು ಬೆರೆತ ನೀಲಿ), ನಡುವೆ ಒಂದು ಗೀರು ಬಂಗಾರ: ಆನ್‌ಲೈನ್‌ನಲ್ಲಿ ಇದೇ ಚಿತ್ರ ನೂರು ಅಳತೆಗಳಲ್ಲಿ ಸಿಗುತ್ತದೆ. ಸೋಫಾಕ್ಕೆ ಹೊಂದುತ್ತದೆ, ನಿಜ. ತಿಂಗಳಾದ ಮೇಲೆ ಅದು ಗೋಡೆಯ ಬಣ್ಣದ ಜೊತೆ ಸೇರಿಹೋಗಿ ಕಣ್ಣಿಗೇ ಬೀಳುವುದಿಲ್ಲ. ಇದಕ್ಕೆ ಎದುರು ನಮ್ಮ ದೇಶದ ಹೆಸರಾಂತ ಚಿತ್ರಕಾರ ವಿ.ಎಸ್. ಗಾಯತೊಂಡೆಯವರನ್ನು (1924–2001) ನೆನೆಯಿರಿ. ರೋಲರ್‌ನಿಂದ, ಚಾಕುವಿನಿಂದ ಬಣ್ಣ ಹಚ್ಚಿ, ಕೆರೆದು, ಮತ್ತೆ ಪದರ ಹಾಕಿ ವರ್ಷಕ್ಕೆ ಕೆಲವೇ ಕ್ಯಾನ್ವಾಸ್ ಮುಗಿಸುತ್ತಿದ್ದರು. ಅಂಥದ್ದನ್ನು ಕೊಳ್ಳುವ ಶಕ್ತಿ ನಿಮಗೂ ಇಲ್ಲ, ನನಗೂ ಇಲ್ಲ. ಆದರೆ ಮೇಲಿನ ಬಣ್ಣದ ಕೆಳಗೆ ಇನ್ನೊಂದು ಬಣ್ಣ ಇಣುಕುವ ಆ ಗುಣ ನಮ್ಮೂರ ಹುಡುಗ ಹುಡುಗಿಯರ ಕೆಲಸದಲ್ಲೂ ಸಿಗುತ್ತದೆ. ಹುಡುಕಬೇಕಾದ್ದು ಅದನ್ನು.

ಹತ್ತಿರ ಹೋಗಿ ನೋಡಿ, ಹತ್ತು ಹೆಜ್ಜೆ ಹಿಂದೆ ಬಂದು ನೋಡಿ. ಎರಡು ಕಡೆಯಿಂದಲೂ ಒಂದೇ ಥರ ಕಂಡರೆ ನನಗೆ ಅನುಮಾನ. ಮೊಬೈಲ್‌ನಲ್ಲಿ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿದರೆ ಬಣ್ಣದ ಮೋಹ ಕಳಚಿ, ತಿಳಿ-ಗಾಢಗಳ ಜೋಡಣೆ ಗಟ್ಟಿಯಿದೆಯೋ ಇಲ್ಲವೋ ಕಾಣುತ್ತದೆ. (ಒಂದೇ ಗಾಢತೆಯ ಬಣ್ಣಗಳಲ್ಲೇ ಅದ್ಭುತ ಮಾಡುವವರೂ ಇದ್ದಾರೆ. ಆಗ ನಿಮ್ಮ ಕಣ್ಣನ್ನೇ ನಂಬಿ.)

ಕೈಯಿಂದ ಬರೆದದ್ದು ಎಂದು ಪ್ರಿಂಟ್ ಮಾರುವವರೂ ಇದ್ದಾರೆ. ಕ್ಯಾನ್ವಾಸ್ ಮೇಲೆ ಅಚ್ಚು ಹಾಕಿ, ಮೇಲೆ ಬಣ್ಣವಿಲ್ಲದ ಜೆಲ್ ಬಳಿದು ಬ್ರಷ್ಷಿನ ಉಬ್ಬು ಬರಿಸಿರುತ್ತಾರೆ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಕೈಕೆಲಸವಾದರೆ ಉಬ್ಬೂ ಬಣ್ಣವೂ ಒಟ್ಟಿಗೆ ತಿರುಗುತ್ತವೆ. ಜೆಲ್ ಆದರೆ ಉಬ್ಬು ಒಂದು ದಾರಿ, ಬಣ್ಣ ಇನ್ನೊಂದು ದಾರಿ. ಪ್ರಿಂಟ್ ಎಂದೇ ಹೇಳಿ ಪ್ರಿಂಟಿನ ಬೆಲೆಗೆ ಕೊಟ್ಟರೆ ನನ್ನ ತಕರಾರಿಲ್ಲ. ಅದೇ ದುಡ್ಡಿಗೆ ವಿದ್ಯಾರ್ಥಿಯೊಬ್ಬರು ಕಾಗದದ ಮೇಲೆ ಬರೆದ ಚಿಕ್ಕ ಚಿತ್ರ ಸಿಗುವಂತಿದ್ದರೆ ನಾನು ಚಿಕ್ಕದನ್ನೇ ತರುತ್ತೇನೆ. ಮೈಸೂರಿನ ಚಿತ್ರಕಲಾ ಕಾಲೇಜು ಕಾವಾದ ವಿದ್ಯಾರ್ಥಿಗಳ ಪ್ರದರ್ಶನ, ಕಲಾಮಂದಿರದ ಸುಚಿತ್ರಾ ಗ್ಯಾಲರಿ, ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆ, ಇಲ್ಲೆಲ್ಲ ಬರೆದವರೇ ಸಿಗುತ್ತಾರೆ. ಅರ್ಥವೇನು ಎಂದು ಕೇಳಿದರೆ ಅವರು ಮುದುಡಿಕೊಳ್ಳುತ್ತಾರೆ. ಮೊದಲು ಯಾವ ಬಣ್ಣ ಹಚ್ಚಿದಿರಿ, ಯಾವುದನ್ನು ಅಳಿಸಿದಿರಿ ಎಂದು ಕೇಳಿ ನೋಡಿ, ಮಾತು ನಿಲ್ಲುವುದಿಲ್ಲ. ಕೊಂಡಾಗ ಹಿಂಬದಿಯಲ್ಲಿ ಹೆಸರು, ವರ್ಷ, ಬಳಸಿದ ಬಣ್ಣ ಯಾವುದು ಎಂದು ಬರೆಸಿಕೊಳ್ಳಿ.

ಇನ್ನು ತೂಗುಹಾಕುವ ವಿಚಾರ. ನಮ್ಮ ಮನೆಗಳಲ್ಲಿ ದೇವರ ಪಟ, ಹಿರಿಯರ ಫೋಟೋ ಬಾಗಿಲಿನ ಮೇಲೆ, ಮುಂದಕ್ಕೆ ಬಾಗಿಸಿ ಹಾಕುವ ರೂಢಿ. ಕೈಮುಗಿಯಲು ಅದು ಸರಿ. ಆದರೆ ಅದೇ ಎತ್ತರಕ್ಕೆ ಅಮೂರ್ತ ಚಿತ್ರ ಏರಿಸಿದರೆ ಅದರ ಮೈ ಯಾರಿಗೂ ಕಾಣುವುದಿಲ್ಲ. ಚಿತ್ರದ ನಡುಭಾಗ ನೆಲದಿಂದ ಸುಮಾರು 57ರಿಂದ 60 ಇಂಚಿಗೆ ಬರಲಿ. ಕೂತೇ ನೋಡುವ ಕೋಣೆಯಾದರೆ ಇನ್ನೂ ತಗ್ಗಿಸಿ. ಕ್ಯಾನ್ವಾಸಿಗೆ ಗಾಜು ಬೇಕಿಲ್ಲ. ಕಾಗದಕ್ಕೆ ಬೇಕು, ಆದರೆ ಗಾಜು ಕಾಗದಕ್ಕೆ ತಾಗಬಾರದು, ನಡುವೆ ಆಸಿಡ್ ಇಲ್ಲದ ಮೌಂಟ್ (ಚಿತ್ರದ ಸುತ್ತ ಇಡುವ ರಟ್ಟು) ಇರಲಿ. ಮಳೆಗಾಲದಲ್ಲಿ ತೇವ ಎಳೆಯುವ ಹೊರಗೋಡೆ ಬೇಡ. ಬೇರೆ ಗೋಡೆಯೇ ಇಲ್ಲವೆಂದರೆ ಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಕಾರ್ಕ್ ತುಂಡು ಅಂಟಿಸಿ, ಗಾಳಿಯಾಡುತ್ತದೆ. ಪಶ್ಚಿಮದ ಬಿಸಿಲು ನೇರ ಬೀಳುವಲ್ಲಿ ಜಲವರ್ಣ ಹಾಕಿದರೆ ಕೆಲವು ವರ್ಷಕ್ಕೇ ಬಣ್ಣ ಮಾಸೀತು.

ವಾಸ್ತು ಕೇಳುವವರಿಗೆ ನಾನು ಎದುರಾಡುವುದಿಲ್ಲ. ಮನೆಯ ಹಿರಿಯರಿಗೆ ಕಸಿವಿಸಿಯಾಗುವ ಗೋಡೆ ಬಿಟ್ಟು ಇನ್ನೊಂದು ಗೋಡೆ ನೋಡಿದರಾಯಿತು.

ಗೃಹಪ್ರವೇಶದ ದಿನಕ್ಕೆ ಗೋಡೆ ತುಂಬಿರಲೇಬೇಕು ಎಂಬ ಆತುರ ಮಾತ್ರ ಬೇಡ. ಬಿಳಿ ಎಲ್‌ಇಡಿ ಕೆಳಗೆ ನೀಲಿ ಮುಂದೆ ಬರುತ್ತದೆ, ಹಳದಿ ದೀಪದಡಿ ಅದೇ ನೀಲಿ ಮಂಕಾಗುತ್ತದೆ. ನಿಮ್ಮ ಹಾಲ್‌ನಲ್ಲಿ ಸಂಜೆ ಯಾವ ದೀಪ ಉರಿಯುತ್ತದೆ, ಮನೆಯವರೆಲ್ಲ ಯಾವ ಕಡೆ ಮುಖ ಮಾಡಿ ಕೂರುತ್ತಾರೆ ಎನ್ನುವುದು ವಾಸ ಶುರುವಾದ ಮೇಲೇ ಗೊತ್ತಾಗುವುದು. ಕಲಾವಿದರು ಒಪ್ಪಿದರೆ ಚಿತ್ರವನ್ನು ಒಂದು ವಾರ ಮನೆಗೆ ತಂದು, ಮೊಳೆ ಹೊಡೆಯದೆ ಷೋಕೇಸ್ ಮೇಲೆ ಒರಗಿಸಿಡಿ. ಒಪ್ಪಿಗೆಯಾದರೆ ಅಳತೆ ತೆಗೆದುಕೊಂಡು ಅಂಗಡಿಗೆ ಬನ್ನಿ.