ತೊಡದೇವಿನ ಡಬ್ಬಿ ಹಿಡಿದು ಕಾರವಾರಕ್ಕೆ

ಮಗಳು ದುಬೈಯಿಂದ ಬರುವ ದಿನ ನಿಕ್ಕಿಯಾಗಿದ್ದು ನಮ್ಮ ತೋಟಕ್ಕೆ ಎರಡನೇ ಮದ್ದು ಹೊಡೆಸುವ ಹೊತ್ತಿಗೆ. ಶಿರಸಿ ಸೀಮೆಯ ಅಡಿಕೆಯವನಿಗೆ ಜುಲೈ ಅಂದರೆ ಕೊಳೆರೋಗದ ತಿಂಗಳು. ಮೈಲುತುತ್ತ, ಸುಣ್ಣ ತಂದಿಟ್ಟುಕೊಂಡು, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನಿಗೆ ಹೇಳಿಟ್ಟು, ಮಳೆ ಯಾವಾಗ ಹೊಳವಾದೀತು ಎಂದು ಮುಗಿಲು ನೋಡುತ್ತ ಕೂರಬೇಕು. ಅಂಥದ್ದರಲ್ಲಿ ತೋಟ ಬಿಟ್ಟು ಹೊರಡುವುದೆಂದರೆ ಊರವರು ನಗುತ್ತಾರೆ.

ಹೊರಡುವ ಅಗತ್ಯವೂ ಇರಲಿಲ್ಲ. ಅವರು ಗೋವಾದಲ್ಲಿ ವಿಮಾನ ಇಳಿದು ಮೊದಲು ಕಾರವಾರಕ್ಕೆ, ಅಂದರೆ ಅಳಿಯನ ಮನೆಗೆ, ಹೋಗುವುದು. ಎಂಟು ದಿನ ಬಿಟ್ಟು ನಮ್ಮಲ್ಲಿಗೆ ಬರುವುದು. ನ್ಯಾಯವಾದ ಏರ್ಪಾಡೇ. ನಮ್ಮನೆಯವಳು ಮಾತ್ರ ಒಪ್ಪಲಿಲ್ಲ.

“ನಾಲ್ಕು ವರ್ಷ ಕಾದಾತು. ಯಂಗೆ ಇನ್ನು ಎಂಟು ದಿನ ಕಾಯಲಾಗ್ತಿಲ್ಲೆ. ನಿಂಗ ಬರದಿದ್ರೆ ಆನೊಬ್ಳೇ ಹೋಗ್ತಿ.”

“ಕರೆಯದೇ ಬೀಗರ ಮನೆಗೆ ಹೋಪದಾ?” ಎಂದೆ.

“ಫೋನ್ ಮಾಡಿ ಕರೆಸಿಕೊಳ್ತಿ,” ಎಂದಳು. ಅರ್ಧ ಗಂಟೆಯಲ್ಲಿ ಕರೆಸಿಕೊಂಡೂ ಬಿಟ್ಟಳು.

ನಾಲ್ಕು ವರ್ಷ ಎಂದರೆ ಮೊಮ್ಮಕ್ಕಳನ್ನು ನೋಡದೇ ಇದ್ದೆವು ಎಂದಲ್ಲ. ಮನೆಗೆ ಫೈಬರ್ ಬಂದ ಮೇಲೆ ಪ್ರತಿ ಭಾನುವಾರ ಸಂಜೆ ಏಳಕ್ಕೆ ವಿಡಿಯೋ ಕಾಲ್ ತಪ್ಪಿದ್ದಿಲ್ಲ. ನಮಗೆ ಏಳಾದರೆ ಅಲ್ಲಿ ಐದೂವರೆ. ಜಗುಲಿಯ ಗೋಡೆಗೆ ಬೆನ್ನು ಕೊಟ್ಟು ನಾವಿಬ್ಬರೂ ಕೂರುತ್ತಿದ್ದೆವು, ಆ ಕಡೆ ಸೋಫಾದ ಮೇಲೆ ಅವರು. ಕೂಸಿಗೆ, ಅಂದರೆ ಮೊಮ್ಮಗಳಿಗೆ, ಈಗ ಒಂಬತ್ತು; ಮಾಣಿಗೆ, ಅಂದರೆ ಮೊಮ್ಮಗನಿಗೆ, ಐದು. ಅವನು ಹೋದಾಗ ಇನ್ನೂ ಗೋಡೆ ಹಿಡಿದು ನಿಲ್ಲುತ್ತಿದ್ದ. ದಿನವೂ ಕಂಡಂತೆಯೇ ಅಲ್ಲವೇ ಎಂದು ನಾನು ಎಷ್ಟೋ ಸಲ ಸಮಾಧಾನ ಹೇಳಿದ್ದೇನೆ. ಅದಕ್ಕೆ ಅವಳು ಒಮ್ಮೆಯೂ ಹೂಂ ಅಂದಿಲ್ಲ.

ಬುತ್ತಿಯ ತಯಾರಿ ಎರಡು ದಿನ ನಡೆಯಿತು. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ. ಇಷ್ಟಕ್ಕೆ ನಿಲ್ಲಿಸಬಹುದಿತ್ತು. ತೊಡದೇವು ಆಗಲೇಬೇಕು ಎಂದಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮಣ್ಣಿನ ಗಡಿಗೆಯನ್ನು ಒಲೆಯ ಮೇಲೆ ಬೋರಲು ಹಾಕಿ, ಅಕ್ಕಿ ಹಿಟ್ಟಿಗೆ ಬೆಲ್ಲ ಸೇರಿಸಿದ ನೀರಾದ ಹಿಟ್ಟಿನಲ್ಲಿ ಬಟ್ಟೆ ಅದ್ದಿ ಗಡಿಗೆಯ ಬೆನ್ನಿಗೆ ಎಳೆಯುತ್ತಾರೆ. ಒಂದು ಎಳೆತಕ್ಕೆ ಒಂದು ತೊಡದೇವು. ಬೆಳಕಿಗೆ ಹಿಡಿದರೆ ಆಚೆ ಕಡೆಯ ಬೆರಳು ಕಾಣುವಷ್ಟು ತೆಳು. ಮಡಚಿ ಇಟ್ಟರೆ ಗರಿಗರಿ, ಮಳೆಗಾಲದ ಗಾಳಿ ತಾಗಿದರೆ ಮೆತ್ತಗೆ, ಬಸ್ಸಿನ ಗುಂಡಿಗೆ ಪುಡಿ. ಮೂರಕ್ಕೂ ಪರಿಹಾರವೆಂದು ದೊಡ್ಡ ತಗಡಿನ ಡಬ್ಬಿ ಹುಡುಕಿ, ಒಳಗೆ ಹಳೆಯ ಪತ್ರಿಕೆ ಹಾಸಿ ತುಂಬಿದಳು. ಕಾರವಾರದ ತನಕ ಆ ಡಬ್ಬಿ ಅವಳ ತೊಡೆ ಬಿಟ್ಟು ಇಳಿಯಲಿಲ್ಲ.

ಶಿರಸಿಯಲ್ಲಿ ಬೆಳಿಗ್ಗೆ ಕಾರವಾರದ ಬೋರ್ಡಿನ ಬಸ್ಸೇ ಸಿಕ್ಕಿತು. ಕಂಡಕ್ಟರ್ ಅವಳ ಆಧಾರ್ ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಹರಿದ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಪುಕ್ಕಟೆಯಾಗಿದ್ದರೂ ಇವಳು ಆ ಟಿಕೆಟನ್ನು ಜೋಪಾನವಾಗಿ ಪರ್ಸಿನಲ್ಲಿಡುತ್ತಾಳೆ. “ನಿಂಗಳದ್ದು ಎಷ್ಟಾತು?” ಎಂದು ನನ್ನನ್ನು ಕೇಳುವುದೂ ತಪ್ಪುವುದಿಲ್ಲ.

ದೇವಿಮನೆ ಘಟ್ಟದ ತಲೆಯಲ್ಲಿ ಡ್ರೈವರ್ ಸ್ಟಿಯರಿಂಗ್ ಬಿಡದೆಯೇ ಒಂದು ಕೈಯಲ್ಲಿ ದೇವಿಗೆ ನಮಸ್ಕಾರ ಹಾಕಿದ. ರಸ್ತೆ ಅಗಲ ಮಾಡಲು ಕಡಿದ ಗುಡ್ಡದ ಮೈ ಕೆಂಪಗೆ ಹಸಿಹಸಿಯಾಗಿತ್ತು. ತಿರುವಿನಲ್ಲೆಲ್ಲ ಕೆಂಪು ನೀರು. ಮೊದಲು ಈ ಘಟ್ಟ ಇಳಿಯುವಾಗ ನಿದ್ದೆ ಬರುತ್ತಿತ್ತು, ಈಗ ಎಲ್ಲರೂ ಎಚ್ಚರ. ಕತಗಾಲ ಬರುವಾಗ ಸೆಖೆ ಶುರುವಾಯಿತು. ನಮ್ಮೂರ ಬದಿಯಲ್ಲಿ ಹುಟ್ಟಿದ ಅಘನಾಶಿನಿ ಇಲ್ಲಿ ಬಯಲಾಗಿ, ಕೆಂಪಾಗಿ, ಕಡಲಿನ ಕಡೆಗೆ ಹೊರಟಿತ್ತು. ಕುಮಟಾದಲ್ಲಿ ಚಾ. ಇವಳು ಇಳಿಯಲಿಲ್ಲ, ಡಬ್ಬಿ ಇತ್ತಲ್ಲ.

ಗಂಗಾವಳಿ ಸೇತುವೆ ದಾಟಿದ ಮೇಲೆ ಬಸ್ಸಿನೊಳಗೆ ಮಾತು ತಾನಾಗಿ ನಿಂತಿತು. ಶಿರೂರು. 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿ ಬದಿಯ ಚಾದಂಗಡಿ, ಅಂಗಡಿಯ ಮನೆಯವರು, ಚಾ ಕುಡಿಯಲು ನಿಂತಿದ್ದ ಲಾರಿಯವರು ಎಲ್ಲ ಮಣ್ಣಿನೊಂದಿಗೆ ನದಿಗೆ ಹೋದ ಜಾಗ. ಕೇರಳದ ಒಬ್ಬ ಲಾರಿ ಚಾಲಕನ ದೇಹ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ಆ ಅಂಗಡಿಯ ಮುಂದೆ ನಮ್ಮ ಕಡೆಯ ಎಷ್ಟು ಗಾಡಿಗಳು ನಿಂತಿಲ್ಲ! ಕಿಟಕಿಯ ಪಕ್ಕದಲ್ಲಿದ್ದ ಹಾಲಕ್ಕಿ ಅಜ್ಜಿಯೊಬ್ಬಳು ಕೊರಳಿನ ಮಣಿಸರ ಹಿಡಿದುಕೊಂಡು ನದಿಯನ್ನೇ ನೋಡುತ್ತಿದ್ದಳು. ಅಂಕೋಲೆಯಲ್ಲಿ ಅವಳು ಇಳಿದ ಮೇಲೆ ಬಸ್ಸಿಗೆ ಮತ್ತೆ ಮಾತು ಬಂತು.

ಅಂಕೋಲೆಯಿಂದಾಚೆಗೆ ನನಗೆ ಒಂದು ಆಸೆಯಿತ್ತು. ಹಿಂದೆಲ್ಲ ಬಿಣಗಾ ದಾಟಿ ಘಟ್ಟದ ತಿರುವಿನಲ್ಲಿ ಬಸ್ಸು ವಾಲುವಾಗ ಎಡಗಡೆ ಇಡೀ ಕಡಲು ಒಮ್ಮೆಲೇ ತೆರೆದುಕೊಳ್ಳುತ್ತಿತ್ತು. ಅದನ್ನು ಇವಳಿಗೆ ತೋರಿಸಬೇಕೆಂದು ಎಡಗಡೆಯೇ ಕೂರಿಸಿದ್ದೆ. ಬಸ್ಸು ಸೀದಾ ಸುರಂಗದೊಳಗೆ ನುಗ್ಗಿತು. ಕತ್ತಲೆ, ದೀಪ, ಮತ್ತೆ ಬೆಳಕು, ಆಗಲೇ ಊರು. “ಎಲ್ಲಿದ್ದು ಕಡಲು?” ಎಂದಳು. ಹತ್ತು ನಿಮಿಷ ಉಳಿಸಿ ಕಡಲನ್ನು ನುಂಗಿದ ಸುರಂಗದ ಬಗ್ಗೆ ನನಗೆ ಇನ್ನೂ ಸಿಟ್ಟಿದೆ.

ಬೀಗರ ಮನೆ ಕೋಡಿಬಾಗದಲ್ಲಿ. ಗೇಟಿನಲ್ಲಿ ಮಗಳು, ಅವಳ ಹಿಂದೆ ಕೂಸು. ಕೂಸಿನ ತಲೆ ಮಗಳ ಭುಜಕ್ಕೆ ಬಂದಿತ್ತು. ಫೋನಿನಲ್ಲಿ ಇದು ಗೊತ್ತಾಗುವುದೇ ಇಲ್ಲ. ಅಲ್ಲಿ ಎಲ್ಲರೂ ಕುತ್ತಿಗೆಯವರೆಗೆ, ಎಲ್ಲರೂ ಒಂದೇ ಎತ್ತರ. ಕೂಸು ಬಂದು ಅಮ್ಮಮ್ಮನನ್ನು ತಬ್ಬಿ, ಬಿಟ್ಟು, ಅಳತೆ ಹಾಕುವವಳಂತೆ ನೋಡಿ, “ಅಮ್ಮಮ್ಮಾ, ನೀನು ಇಷ್ಟೇ ಸಣ್ಣ ಇದ್ಯಾ?” ಎಂದಳು.

ಮಾಣಿ ಬಾಗಿಲ ಪರದೆಯ ಹಿಂದಿನಿಂದ ಹೊರಗೆ ಬರಲಿಲ್ಲ. ಭಾನುವಾರ ಭಾನುವಾರ ಬಾಯಿ ತುಂಬ ಮಾತಾಡುವವನು, ತನ್ನ ಕಾರುಗಳನ್ನೆಲ್ಲ ಒಂದೊಂದಾಗಿ ತೋರಿಸುವವನು! ನಾನು ಕೂತು ಕೈಚಾಚಿದೆ. ಅವನು ನನ್ನ ಮುಖ ನೋಡಿದ, ನನ್ನ ತಲೆಯ ಮೇಲ್ಗಡೆ ನೋಡಿದ, ಪಕ್ಕದ ಗೋಡೆ ನೋಡಿದ. ಆಮೇಲೆ ತಾಯಿಯ ಕಿವಿಯಲ್ಲಿ ಏನೋ ಕೇಳಿದ. ಮಗಳು ನಕ್ಕು ನಮಗೆ ಹೇಳಿದಳು: “ಗಡಿಯಾರ ಎಲ್ಲಿ ಅಂತ ಕೇಳ್ತಾ ಇದ್ದ.”

ನಮ್ಮ ಜಗುಲಿಯ ಗೋಡೆಯಲ್ಲಿ, ನಾನು ಕೂರುವ ಜಾಗದ ಸರಿಯಾಗಿ ಮೇಲೆ, ಹಳೆಯ ಗಡಿಯಾರವಿದೆ. ನಾಲ್ಕು ವರ್ಷದಿಂದ ಅವನ ಅಜ್ಜ ಎಂದರೆ ತಲೆಯ ಮೇಲೆ ಗಡಿಯಾರ ಇರುವವನು. ಇವನು ಬರಿತಲೆಯವನು, ಯಾರೋ ಬೇರೆ.

ಅವನನ್ನು ಪರದೆಯಿಂದ ಹೊರಗೆ ತಂದಿದ್ದು ಡಬ್ಬಿ. ಮುಚ್ಚಳ ತೆಗೆದರೆ, ಇಷ್ಟೆಲ್ಲ ಜೋಪಾನ ಮಾಡಿಯೂ ಒಂದೂ ತೊಡದೇವು ಇಡಿಯಾಗಿ ಉಳಿದಿರಲಿಲ್ಲ. ಇವಳ ಮುಖ ಸಣ್ಣದಾಯಿತು. ಮಾಣಿ ಮಾತ್ರ ಹತ್ತಿರ ಬಂದು, ಚೂರುಗಳನ್ನು ನೋಡಿ, ಒಳಗೆ ಓಡಿ ಬಟ್ಟಲು ತಂದ. ಚೂರು ತುಂಬಿಸಿಕೊಂಡು ಹಾಲು ಹಾಕು ಎಂದ. ಅವನ ಲೆಕ್ಕದಲ್ಲಿ ಅದು ಕಾರ್ನ್‌ಫ್ಲೇಕ್ಸು. ಎರಡು ಬಟ್ಟಲು ತಿಂದ. ಮೂರನೆಯದಕ್ಕೆ ಅಮ್ಮಮ್ಮನ ತೊಡೆಯ ಮೇಲೆ ಕೂತಿದ್ದ.

ಬೀಗರು ಕೊಂಕಣಿ ಮಾತಿನವರು, ಮೀನು ಉಣ್ಣುವವರು. ನಾವು ಹವ್ಯಕರು. ಮದುವೆಯ ಹೊತ್ತಿನಲ್ಲಿ ಎರಡೂ ಕಡೆ ಆಗಬೇಕಾದ ಗದ್ದಲವೆಲ್ಲ ಆಗಿ ಮುಗಿದಿದೆ, ಅದನ್ನು ಇಲ್ಲಿ ಕೆದಕುವುದಿಲ್ಲ. ಬೀಗಿತ್ತಿ ನಮಗೆಂದು ಹೊಸ ಬಾಣಲೆ, ಹೊಸ ಸೌಟು ತೆಗೆದಿರಿಸಿದ್ದರು. “ಹೆಗಡೇರೇ, ಒಳ್ಳೇ ಟೈಮಿಗೆ ಬಂದ್ರಿ. ಜುಲೈ ಮುಗಿಯೋವರೆಗೆ ಟ್ರಾಲರ್ ಬೋಟು ಬಂದ್. ಮನೇಲಿ ಹಸಿ ಮೀನೇ ಇಲ್ಲ,” ಎಂದು ಬೀಗರು ನಕ್ಕರು. ಜೂನ್ ಒಂದರಿಂದ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ, ಮೀನು ಮೊಟ್ಟೆಯಿಡುವ ಕಾಲ. ಆದರೆ ಕರಾವಳಿಯವರು ಮಳೆಗಾಲಕ್ಕೆ ಒಣಮೀನು ಇಟ್ಟುಕೊಳ್ಳದೇ ಇರುತ್ತಾರೆಯೇ, ನಾವು ಹಪ್ಪಳ ಇಟ್ಟುಕೊಳ್ಳುವಂತೆಯೇ.

ಹೆಂಗಸರಿಬ್ಬರೂ ಪತ್ರೊಡೆಯಲ್ಲಿ ಕೂಡಿದರು. ಹಿತ್ತಿಲಿನಲ್ಲಿ ಕೆಸುವಿನ ಎಲೆ ಸೊಕ್ಕಿ ನಿಂತಿತ್ತು. ಇವರದ್ದು ಎಲೆಗೆ ಹಿಟ್ಟು ಹಚ್ಚಿ ಸುರುಳಿ ಸುತ್ತುವ ಕ್ರಮ, ನಮ್ಮ ಮನೆಯದ್ದು ಎಲೆ ಹೆಚ್ಚಿ ಹಿಟ್ಟಿಗೆ ಕಲೆಸಿ ಬೇಯಿಸುವುದು. ಹುಳಿ ಎಷ್ಟು, ಇಲ್ಲದಿದ್ದರೆ ಬಾಯಿ ತುರಿಸೀತೇ ಎಂಬ ವಿಚಾರವೇ ಒಂದು ತಾಸು ನಡೆಯಿತು.

ರಾತ್ರಿ ಊಟಕ್ಕೆ ಮಾಣಿ ಅಮ್ಮಮ್ಮನ ಪಕ್ಕದಲ್ಲೇ ಕೂರುತ್ತೇನೆಂದ. ಅವನ ತಟ್ಟೆಯಲ್ಲಿ ಅವನ ಇನ್ನೊಬ್ಬ ಅಜ್ಜಿ ಮಾಡಿದ ಒಣಸೀಗಡಿ ಚಟ್ನಿ. ಮಗಳು ಗಾಬರಿಯಾಗಿ ಅವನನ್ನು ಆಚೆ ಕರೆದಳು, ಅವನು ಏಳಲಿಲ್ಲ. ಅನ್ನಕ್ಕೆ ಕಲೆಸಿಕೊಂಡು ಗಬಗಬ ತಿಂದು, ಗಲ್ಲಕ್ಕೆಲ್ಲ ಮೆತ್ತಿಕೊಂಡು, ಇವಳ ಕಡೆ ಮುಖ ಎತ್ತಿದ. ಅಡುಗೆಮನೆಗೆ ಮಡಿಯಿಲ್ಲದೆ ಕಾಲಿಡದವಳು ಸೆರಗಿನ ತುದಿ ಎಳೆದು ಅವನ ಬಾಯಿ ಒರೆಸಿದಳು. ಆಮೇಲೆ ತನ್ನ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡಳು. ನಾನು ಆ ಸೆರಗನ್ನೇ ನೋಡುತ್ತ ಉಂಡೆ. ಅವಳು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮರುದಿನ ಮಳೆ ಸ್ವಲ್ಪ ನಿಂತಾಗ ಮಕ್ಕಳನ್ನು ಕರೆದುಕೊಂಡು ಟ್ಯಾಗೋರ್ ಕಡಲತೀರಕ್ಕೆ ಹೋದೆವು. ಕಡಲು ಕೆಸರು ಬಣ್ಣ, ಅಲೆ ಆಳೆತ್ತರ, ದೂರದ ಕೂರ್ಮಗಡ ಮಳೆಯಲ್ಲಿ ಮಸುಕು. ಚಾಪೆಲ್ ಯುದ್ಧನೌಕೆ ದಂಡೆಯ ಮೇಲೆ ನಿಂತೇ ಇತ್ತು, ಪಕ್ಕದಲ್ಲಿ ಹೊಸದಾಗಿ ತಂದ ಟುಪೊಲೆವ್ ವಿಮಾನ. ರವೀಂದ್ರನಾಥರು 1883ರಲ್ಲಿ, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು ಇದೇ ದಂಡೆಯ ಊರಿನಲ್ಲಿ ನಾಟಕ ಬರೆದರು ಎಂದು ನಾನು ಕೂಸಿಗೆ ಹೇಳುತ್ತಿದ್ದೆ. “ಅವ್ರೂ ಅಣ್ಣನ ಮನೆಗೆ ರಜೆಗೆ ಬಂದಿದ್ದಾ?” ಎಂದು ಕೇಳಿ ಅವಳು ಅಲೆಯ ಕಡೆ ಓಡಿದಳು. ಇವಳು ಅಷ್ಟು ದೂರದಲ್ಲೇ ನಿಂತು, ಸುರಂಗದಲ್ಲಿ ತಪ್ಪಿದ ಕಡಲನ್ನು ನೋಡಿಯೇ ನೋಡಿದಳು.

ವಾಪಸು ಬರುವಾಗ ಬೀಗರು ಕಾಳಿಯ ಸೇತುವೆ ತೋರಿಸಿದರು. ಹಳೆಯದು 2024ರ ಆಗಸ್ಟ್ 7ರ ನಡುರಾತ್ರಿ ಕಳೆದು ಕುಸಿದು ಬಿತ್ತು. ಲಾರಿಯೊಂದು ನದಿಗೆ ಬಿದ್ದರೂ ಚಾಲಕ ಬದುಕಿದ. ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ ಹಸಿರಾಗಿ ನಿಂತಿತ್ತು.

ಮೂರನೆಯ ದಿನ ಹೊರಟೆವು. ಬೀಗಿತ್ತಿ ಡಬ್ಬಿಯನ್ನು ಬರಿದಾಗಿ ಕೊಡಲಿಲ್ಲ, ಗೇರುಬೀಜ ತುಂಬಿಸಿದ್ದರು. ಅದರ ನಡುವೆ ಮಾಣಿ ಯಾವಾಗಲೋ ತನ್ನ ಪಾಲು ಹಾಕಿದ್ದ: ದಂಡೆಯಲ್ಲಿ ಹೆಕ್ಕಿದ ಐದು ಚಿಪ್ಪು, ಒಂದರೊಳಗೆ ಇನ್ನೂ ಏನೋ ಇತ್ತು. ಮನೆಗೆ ಬಂದು ಮುಚ್ಚಳ ತೆಗೆದಾಗ ಜಗುಲಿಯೆಲ್ಲ ಬಂದರಿನ ವಾಸನೆ.

ನಾವಿಲ್ಲದ ದಿನವೇ ಮಳೆ ಹೊಳವಾಗಿ, ಕೊನೆಗೌಡ ಬಂದು ಬಾಗಿಲಿನ ಬೀಗ ನೋಡಿ ಹೋದನಂತೆ. ನಾಳೆ ಅವನ ಮನೆಗೆ ಹೋಗಿ ಬೈಸಿಕೊಳ್ಳಬೇಕು. ಇವಳು ಡಬ್ಬಿಯನ್ನು ಹುಣಸೆಹಣ್ಣು ಹಾಕಿ ಎರಡು ಸಲ ತೊಳೆದಳು. ವಾಸನೆ ಹೋಗಲಿಲ್ಲ. ಮೂರನೇ ಸಲ ತೊಳೆಯದೆ ಒರೆಸಿಟ್ಟು, ಗಡಿಗೆ ಬೋರಲು ಹಾಕಲು ಒಲೆ ಹೊತ್ತಿಸಿದಳು. ಮಕ್ಕಳು ಬರುವುದಕ್ಕೆ ಇನ್ನು ನಾಲ್ಕು ದಿನ.