2.20 ತಾಸು ಅಂದರೆ ಎಷ್ಟು ನಿಮಿಷ?

ಹೋದ ವರ್ಷ ಹಿಂಗಾರಿ ಬಿತ್ತನೆ ಸಮಯ. ರೋಣದ ಕಡೆಯ ಟ್ರ್ಯಾಕ್ಟರ್ ಮಾಲೀಕರೊಬ್ಬರು ಫೋನ್ ಮಾಡಿದರು. "ಸರ, ನಿಮ್ಮ ಆ್ಯಪ್‌ನಾಗ ನಂದು 120 ರೂಪಾಯಿ ಕಡಿಮಿ ಬಂದೈತ್ರಿ." ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಮಾತ್ರ ಪಕ್ಕಾ ಮಾಡಿಕೊಂಡೇ ಫೋನ್ ಹಚ್ಚಿದ್ದರು.

ನಾನು ಹುಬ್ಬಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ಗದಗ, ಹಾವೇರಿ ಕಡೆ ಟ್ರ್ಯಾಕ್ಟರ್, ರಾಶಿ ಮಷಿನ್ ಬಾಡಿಗೆಗೆ ಕೊಡುವವರು ತಾಸಿನ ಲೆಕ್ಕ ಇಡೋಕೆ ಬಳಸುವ ಆ್ಯಪ್ ನಮ್ಮದು. ಕೆಲಸ ಹಿಡಿಯುವಾಗ ಒಂದು ಬಟನ್, ಮುಗಿದಾಗ ಇನ್ನೊಂದು. ಎಷ್ಟು ಹೊತ್ತು ಓಡಿತು, ಎಷ್ಟು ದುಡ್ಡಾಯಿತು ಅಂತ ಬಿಲ್ ಬರುತ್ತದೆ. ಅವತ್ತಿನ ಬಿಲ್ಲಿನಲ್ಲಿ "2.20 ತಾಸು, 1980 ರೂಪಾಯಿ" ಅಂತ ಇತ್ತು. ತಾಸಿಗೆ 900.

ಅವರು ಅದನ್ನು 2 ತಾಸು 20 ನಿಮಿಷ ಅಂತ ಓದಿದ್ದರು. ಹಾಗೆ ಓದಿದರೆ 2100 ಬರಬೇಕು, ನಿಜ. ನಮ್ಮ ಕೋಡ್ ಹೇಳುತ್ತಿದ್ದದ್ದು ಎರಡು ತಾಸು, ಮೇಲೆ ತಾಸಿನ ನೂರು ಪಾಲಿನಲ್ಲಿ ಇಪ್ಪತ್ತು ಪಾಲು. ಅಂದರೆ 12 ನಿಮಿಷ. ದುಡ್ಡು ಸರಿಯಾಗೇ ಇತ್ತು, ಅದನ್ನು ಬರೆದ ರೀತಿ ತಪ್ಪಾಗಿತ್ತು. ನಮ್ಮ ಕಡೆ ಮದುವೆ ಕಾರ್ಡಿನಲ್ಲಿ ಮುಹೂರ್ತ 12.20ಕ್ಕೆ ಅಂತ ಇರುತ್ತದೆ, ಪೇಪರಿನಲ್ಲಿ ಕಾರ್ಯಕ್ರಮ ಬೆಳಿಗ್ಗೆ 10.30ಕ್ಕೆ ಅಂತ ಬರುತ್ತದೆ. ಹೊತ್ತಿನ ವಿಷಯದಲ್ಲಿ ಆ ಚುಕ್ಕಿಯ ಆಚೆ ಇರುವುದು ನಿಮಿಷ ಅಂತ ಚಿಕ್ಕಂದಿನಿಂದ ಓದಿ ಬಂದವರಿಗೆ ನಾವು ದಶಮಾಂಶ ಕೊಟ್ಟಿದ್ದೆವು. ಹೊಲದ ಬದುವಿನ ಮೇಲೆ ನಿಂತು ದುಡ್ಡು ಎಣಿಸಿಕೊಳ್ಳುವಾಗ ರೈತ ಒಂದು ಓದಿ, ಮಾಲೀಕ ಇನ್ನೊಂದು ಓದಿದರೆ ಅವರಿಬ್ಬರ ನಡುವೆ ಜಗಳ ಹಚ್ಚಿದವರು ನಾವೇ ಆಗುತ್ತೇವೆ, ಅಲ್ವಾ?

ನಾನು ಸರ್ವರ್‌ನಲ್ಲಿ ನೋಡಿ ಶುರು 7.40, ಕೊನೆ 9.52 ಅಂತ ಹೇಳಿದೆ. "ಹೌದ್ರಿ, 7.40ಕ್ಕ ಹಚ್ಚಿದ್ದೆ" ಅಂದರು. ಅಲ್ಲಿಗೆ ಮುಗಿಯಿತು. ಆದರೆ ಎಲ್ಲರೂ ಫೋನ್ ಮಾಡಿ ಕೇಳುವುದಿಲ್ಲ.

ಮೊದಲು 2:12 ಅಂತ ಬರೆದು ನೋಡಿದೆವು. ಆಫೀಸಿನಲ್ಲೇ ಒಬ್ಬರು ಮಧ್ಯಾಹ್ನ ಎರಡು ಹನ್ನೆರಡು ಅಂದುಕೊಂಡರು, ಇನ್ನೊಬ್ಬರು 2 ನಿಮಿಷ 12 ಸೆಕೆಂಡ್ ಅಂದರು. ಹಾಗಾಗಿ ಪದಗಳಲ್ಲೇ ಬರೆದೆವು: "2 ತಾಸು 12 ನಿಮಿಷ". ಕೆಳಗೆ ಸಣ್ಣ ಅಕ್ಷರದಲ್ಲಿ ಶುರುವಾದ ಸಮಯ, ಮುಗಿದ ಸಮಯ. ಗಂಟೆ ಬಿಟ್ಟು ತಾಸು ಅಂತಲೇ ಇಟ್ಟಿದ್ದೂ ಬೇಕಂತಲೇ. "3 ಗಂಟೆ" ಅಂದರೆ ಗಡಿಯಾರದ ಮೂರೂ ಆಗಬಹುದು, ಮೂರು ತಾಸಿನ ಕೆಲಸವೂ ಆಗಬಹುದು. ತಾಸು ಅಂದರೆ ನಮ್ಮ ಕಡೆ ಆ ಗೊಂದಲ ಇಲ್ಲ. ಬ್ರೌಸರ್‌ನಲ್ಲಿ ಅವಧಿಯನ್ನು ಕನ್ನಡದಲ್ಲಿ ಬರೆಯುವ ರೆಡಿ ಸೌಲಭ್ಯ ಈಗ ಇದೆ, ಅದು ಯುನಿಕೋಡ್‌ನವರ (ಕಂಪ್ಯೂಟರಿನಲ್ಲಿ ಎಲ್ಲ ಭಾಷೆಗಳ ಅಕ್ಷರಗಳಿಗೆ ಮಾನದಂಡ ಮಾಡುವ ಸಂಸ್ಥೆ) ಭಾಷಾ ಮಾಹಿತಿಯಿಂದ "ಗಂಟೆಗಳು" ಅಂತ ಕೊಡುತ್ತದೆ. ತಪ್ಪೇನಿಲ್ಲ, ಆದರೆ "ಮೂರು ಗಂಟೆಗಳು ಹೊಡೆದೆ" ಅಂತ ಯಾವ ಡ್ರೈವರೂ ಹೇಳುವುದಿಲ್ಲ.

ಪದಗಳಿಗೆ ಬಂದ ಮೇಲೆ ಬೇರೆ ತೊಂದರೆ ಶುರುವಾಯಿತು. ಒಂದು ಬಿಲ್ಲಿನಲ್ಲಿ "1 ತಾಸು 60 ನಿಮಿಷ" ಅಂತ ಬಂತು. ಓಡಿದ್ದು 7185 ಸೆಕೆಂಡ್. ಕೋಡ್ ಮೊದಲು ಒಂದು ತಾಸು ತೆಗೆದಿಟ್ಟಿತು, ಉಳಿದ 3585 ಸೆಕೆಂಡನ್ನು 60ರಿಂದ ಭಾಗಿಸಿತು, 59.75 ಬಂತು, ಅದನ್ನು ಹತ್ತಿರದ ಪೂರ್ಣ ಸಂಖ್ಯೆಗೆ ತಂದಾಗ 60 ಆಯಿತು. ತಾಸು ತೆಗೆದಿಟ್ಟ ಮೇಲೆ ರೌಂಡ್ ಮಾಡಿದ್ದೇ ತಪ್ಪು. ಮೊದಲು ಇಡೀ ಅವಧಿಯನ್ನು ನಿಮಿಷಕ್ಕೆ ರೌಂಡ್ ಮಾಡಿ, 119.75 ಇದ್ದದ್ದು 120 ಆಗಲಿ, ಆಮೇಲೆ ತಾಸು ತೆಗೆಯಿರಿ. 2 ತಾಸು ಸರಿಯಾಗಿ ಬರುತ್ತದೆ.

ಇದಕ್ಕಿಂತ ಮುಂಚೆ, ಆ್ಯಪ್ ಇನ್ನೂ ಯಾರಿಗೂ ಕೊಡದಿದ್ದಾಗ, ಹತ್ತು ನಿಮಿಷ ಓಡಿಸಿದರೆ 5.40 ಅಂತ ತೋರಿಸುತ್ತಿತ್ತು. ಅವಧಿಯ ಮಿಲಿಸೆಕೆಂಡುಗಳನ್ನು ದಿನಾಂಕ, ಸಮಯ ಬರೆಯುವ ಫಂಕ್ಷನ್‌ಗೆ, ಅಂದರೆ ಆ ಕೆಲಸದ ರೆಡಿ ಕೋಡ್‌ಗೆ, ಕೊಟ್ಟಿದ್ದೆವು. ಅದು ಪಾಪ, 1970ರ ಜನವರಿ 1ರಿಂದ ಎಣಿಸುತ್ತದೆ. ಗ್ರೀನಿಚ್‌ನ ಲೆಕ್ಕದಲ್ಲಿ ಆಗ ನಡುರಾತ್ರಿ, ಭಾರತದ ಗಡಿಯಾರದಲ್ಲಿ ಬೆಳಗಿನ 5.30. ಅದರ ಮೇಲೆ ನಮ್ಮ ಹತ್ತು ನಿಮಿಷ. ಜೊತೆಗಿದ್ದ ಹುಡುಗ ಐದೂವರೆ ತಾಸು ಕಳೆದು ಸರಿ ಮಾಡಿದ. 24 ತಾಸು ದಾಟಿದ ಕೂಡಲೇ ಅದು ಮತ್ತೆ ಸೊನ್ನೆಯಿಂದ ಎಣಿಸಿತು. ಈಗ ಅವಧಿಯನ್ನು ಸುಮ್ನೆ ಒಂದು ಸಂಖ್ಯೆಯಾಗಿ ಇಡುತ್ತೇವೆ, ದಿನಾಂಕದ ಫಂಕ್ಷನ್ ಹತ್ತಿರ ಒಯ್ಯುವುದೇ ಇಲ್ಲ.

ಇನ್ನೊಂದು ವಿಷಯ ನನಗೆ ತುಂಬಾ ಹಿಡಿಸಿತು, ಏಕೆಂದರೆ ಅದು ನಮ್ಮ ಭಾಷೆಯದ್ದೇ. "20 ನಿಮಿಷದಲ್ಲಿ ಟ್ರ್ಯಾಕ್ಟರ್ ಬರುತ್ತದೆ" ಅಂತ ಮೆಸೇಜ್ ಹೋಗಬೇಕಿತ್ತು. ಕೋಡ್‌ನಲ್ಲಿ ಅವಧಿ ಬರೆದು ಹಿಂದೆ "ದಲ್ಲಿ" ಅಂಟಿಸಿದ್ದೆವು. ನಿಮಿಷಕ್ಕೆ, ದಿನಕ್ಕೆ ಸರಿ ಹೋಯಿತು. ತಾಸಿಗೆ "2 ತಾಸುದಲ್ಲಿ" ಅಂತಾಯಿತು. ತಾಸಿನಲ್ಲಿ, ಗಂಟೆಯಲ್ಲಿ, ತಿಂಗಳಲ್ಲಿ, ಹೀಗೆ ಒಂದೊಂದು ಪದ ಒಂದೊಂದು ಥರ ತಿರುಗುತ್ತದೆ. ಪದಕ್ಕೊಂದು ರೂಪ ಪಟ್ಟಿ ಮಾಡಲು ಕೂತಿದ್ದೆ. ಕೊನೆಗೆ ವಾಕ್ಯವನ್ನೇ ಬದಲಿಸಿದೆ: "ಟ್ರ್ಯಾಕ್ಟರ್ ಬರಲು ಇನ್ನೂ 2 ತಾಸು". ಅಂಟಿಸುವ ಕೆಲಸವೇ ಇಲ್ಲ, ಜನ ಮಾತಾಡುವುದೂ ಹೀಗೇ.

ಆಮೇಲೆ ಜೋಳದ ರಾಶಿ ಬಂತು. ನಾಲ್ಕು ಸಲ ಬಂದು ಹೋದ ಮಷಿನ್‌ನ ಒಟ್ಟು ಲೆಕ್ಕ "1 ದಿನ 2 ತಾಸು" ಅಂತ ಬಿಲ್ಲಿನಲ್ಲಿ ಕಂಡಾಗ ಸವಣೂರು ಕಡೆಯ ರೈತರೊಬ್ಬರು "ದಿನದ ಬಾಡಿಗಿ ಎಷ್ಟ್ರಿ ಹಂಗಾದ್ರ?" ಅಂತ ಕೇಳಿದರು. ಅವರಿಗೆ ದಿನ ಅಂದರೆ ಬೆಳಿಗ್ಗೆ ಬಂದು ಸಂಜೆ ಹೋಗುವ ಒಂದು ಹಗಲು, ನಮ್ಮ ಕೋಡ್‌ಗೆ 24 ತಾಸು. ಅವತ್ತೇ ಸಂಜೆ ಬಿಲ್ಲಿನಿಂದ ದಿನ ತೆಗೆದುಹಾಕಿದೆ. ಈಗ 26 ತಾಸು ಅಂತ ಬರುತ್ತದೆ, ನೂರು ದಾಟಿದರೂ ತಾಸೇ.